ಅಡಿಕೆ ಅಂಗಳದಿಂದ ಅಮೆರಿಕದವರೆಗೆ: ಜಿಆರ್‌ಇ ಎಂಬ ಹೊಸ್ತಿಲು

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಅಡಿಕೆ ಸುಗ್ಗಿ ಶುರುವಾಗುತ್ತದೆ. ಹಗಲು ಕೊನೆ ಕೊಯ್ಲು, ರಾತ್ರಿ ಸುಲಿತ. ಅಂಗಳದ ದೀಪದ ಕೆಳಗೆ ಮೆಟ್ಟುಗತ್ತಿಯ ಮುಂದೆ ಕುಳಿತವರ ಮಾತಿನಲ್ಲಿ ಮೊದಲೆಲ್ಲ ಧಾರಣೆಯ ಸುದ್ದಿ, ಯಕ್ಷಗಾನದ ಸುದ್ದಿ, ಕೊಳೆ ರೋಗದ ಸುದ್ದಿ ಇರುತ್ತಿತ್ತು. ಈಗ ಅದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: "ಆಚೆ ಮನೆ ಹುಡುಗಿ ಜಿಆರ್‌ಇ ಕಟ್ಟಿದಾಳಂತೆ, ಹೌದಾ?"

ಹೌದು ಎಂದವರಿಗೂ ಆ ಮೂರಕ್ಷರದ ಒಳಗೇನಿದೆ ಎಂಬುದು ಸ್ಪಷ್ಟವಿರುವುದಿಲ್ಲ. ಸಿಇಟಿ, ನೀಟ್‌ಗಳನ್ನು ನೋಡಿ ಅಭ್ಯಾಸವಾದ ಪೋಷಕರು ಕೇಳುವ ಮೊದಲ ಪ್ರಶ್ನೆ, "ಎಷ್ಟು ರ‍್ಯಾಂಕ್ ಬಂದರೆ ಸೀಟು ಸಿಗುತ್ತದೆ?" ಎಂಬುದು. ಎರಡನೆಯದು, "ಖರ್ಚೆಷ್ಟು?" ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲ, ಏಕೆಂದರೆ ಈ ಪರೀಕ್ಷೆಯಲ್ಲಿ ರ‍್ಯಾಂಕೂ ಇಲ್ಲ, ಸೀಟು ಹಂಚಿಕೆಯೂ ಇಲ್ಲ. ಎರಡನೆಯ ಪ್ರಶ್ನೆಗೆ ಉತ್ತರವಿದೆ. ಆದರೆ ಅದನ್ನು ಬಹಳ ಮನೆಗಳಲ್ಲಿ ತಡವಾಗಿ ಕೇಳಲಾಗುತ್ತದೆ. 

ಪಾಸೂ ಇಲ್ಲ, ಫೇಲೂ ಇಲ್ಲ

ಜಿಆರ್‌ಇ ಎಂದರೆ ಗ್ರ್ಯಾಜುಯೇಟ್ ರೆಕಾರ್ಡ್ ಎಕ್ಸಾಮಿನೇಶನ್. 1936ರಲ್ಲಿ ಕಾರ್ನೆಗಿ ಪ್ರತಿಷ್ಠಾನವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ ವಿಶ್ವವಿದ್ಯಾಲಯಗಳ ಜೊತೆ ಸೇರಿ ಪ್ರಯೋಗವೆಂದು ಆರಂಭಿಸಿದ ಪರೀಕ್ಷೆ ಇದು. ಈಗ ಇದನ್ನು ನಡೆಸುವುದು 1947ರಲ್ಲಿ ಸ್ಥಾಪನೆಯಾದ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್, ಚಿಕ್ಕದಾಗಿ ಇಟಿಎಸ್. ಬೇರೆ ಬೇರೆ ಊರು, ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಬಂದ ಅರ್ಜಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಒಂದು ಅಳತೆ ಬೇಕಿತ್ತು. ಆ ಅಳತೆಯೇ ಜಿಆರ್‌ಇ. ಸ್ನಾತಕೋತ್ತರ ಪದವಿ ಅಥವಾ ಪಿಎಚ್‌.ಡಿ.ಗೆ ಅರ್ಜಿ ಹಾಕುವಾಗ ಪದವಿಯ ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರ, ವಿದ್ಯಾರ್ಥಿಯ ಉದ್ದೇಶ ಪತ್ರಗಳ ಜೊತೆಗೆ ಈ ಅಂಕವೂ ಹೋಗುತ್ತದೆ. ನಾಲ್ಕು ಕಾಲಿನ ಮಂಚದಲ್ಲಿ ಇದು ಒಂದು ಕಾಲು ಮಾತ್ರ.

2023ರ ಸೆಪ್ಟೆಂಬರ್ 22ರಿಂದ ಪರೀಕ್ಷೆಯ ಅವಧಿಯನ್ನು ಸುಮಾರು ಅರ್ಧಕ್ಕೆ ಇಳಿಸಲಾಗಿದೆ. ಮೊದಲು ಮೂರೂಮುಕ್ಕಾಲು ಗಂಟೆ ನಡೆಯುತ್ತಿದ್ದುದು ಈಗ 1 ಗಂಟೆ 58 ನಿಮಿಷದಲ್ಲಿ ಮುಗಿಯುತ್ತದೆ. 30 ನಿಮಿಷದಲ್ಲಿ ಒಂದು ಪ್ರಬಂಧ. ಭಾಷೆಯ ಭಾಗದಲ್ಲಿ 12 ಪ್ರಶ್ನೆಗೆ 18 ನಿಮಿಷ, ಮತ್ತೆ 15 ಪ್ರಶ್ನೆಗೆ 23 ನಿಮಿಷ. ಗಣಿತದ ಭಾಗದಲ್ಲಿ 12 ಪ್ರಶ್ನೆಗೆ 21 ನಿಮಿಷ, ಮತ್ತೆ 15 ಪ್ರಶ್ನೆಗೆ 26 ನಿಮಿಷ. ಭಾಷೆ, ಗಣಿತ ಎರಡಕ್ಕೂ ಅಂಕ 130ರಿಂದ 170ರವರೆಗೆ. ಪ್ರಬಂಧಕ್ಕೆ 0ಯಿಂದ 6ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಮೊದಲ ಭಾಗವನ್ನು ಚೆನ್ನಾಗಿ ಮಾಡಿದವರಿಗೆ ಕಂಪ್ಯೂಟರು ಎರಡನೆಯ ಭಾಗದಲ್ಲಿ ಕಠಿಣ ಪ್ರಶ್ನೆಗಳನ್ನು ಕೊಡುತ್ತದೆ. ಎರಡನೆಯದು ಕಷ್ಟವಾಯಿತೆಂದು ಕಂಗಾಲಾಗಬೇಕಿಲ್ಲ. ಮೊದಲನೆಯದು ಚೆನ್ನಾಗಿ ಆಗಿರುವ ಗುರುತೂ ಅದಾಗಿರಬಹುದು. ಬಂದ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆಂಗಳೂರಿನಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಇಪ್ಪತ್ತು ವರ್ಷಗಳ ಹಿಂದೆ ಓದಿದ ದಪ್ಪ ಪುಸ್ತಕ ಅಟ್ಟದಿಂದ ಕೆಳಗಿಳಿಯುವುದು ಈ ಕಡೆ ಸಾಮಾನ್ಯ. ಆ ಪುಸ್ತಕದ ಪರೀಕ್ಷೆ ಈಗ ಇಲ್ಲ. ತರ್ಕದ ಒಗಟುಗಳಿದ್ದ ಭಾಗವನ್ನು 2002ರಲ್ಲಿ ತೆಗೆದು ಪ್ರಬಂಧ ಸೇರಿಸಿದರು. ವಿರುದ್ಧಪದ ಹುಡುಕುವ ಪ್ರಶ್ನೆಗಳೂ 200ರಿಂದ 800ರ ಹಳೆಯ ಅಂಕಮಾಪನವೂ 2011ರಲ್ಲಿ ಹೋದವು. ಇಟಿಎಸ್ ತನ್ನ ಜಾಲತಾಣದಲ್ಲಿ ಪವರ್‌ಪ್ರೆಪ್ ಎಂಬ ಹೆಸರಿನ ಅಭ್ಯಾಸ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಓದು ಅಲ್ಲಿಂದ ಶುರುವಾಗಬೇಕು.

ಮೊದಲು ಕೇಳಬೇಕಾದ್ದು: ಪರೀಕ್ಷೆ ಬೇಕೇ?

ಇಪ್ಪತ್ತು ಸಾವಿರಕ್ಕೂ ಮೀರಿದ ಶುಲ್ಕ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. 2020ರ ಕೊರೋನಾ ಕಾಲದಲ್ಲಿ ಅಮೆರಿಕದ ಅನೇಕ ವಿಭಾಗಗಳು ಜಿಆರ್‌ಇ ಕಡ್ಡಾಯವಲ್ಲ ಎಂದವು. ಅವುಗಳಲ್ಲಿ ಹಲವು ಆ ನಿಯಮವನ್ನೇ ಮುಂದುವರಿಸಿವೆ. ಜೀವವಿಜ್ಞಾನದ ಪಿಎಚ್‌.ಡಿ. ವಿಭಾಗಗಳಲ್ಲಿ ಇದು ಹೆಚ್ಚು. ಕೆಲವು ವಿಭಾಗಗಳು ಅಂಕ ಕಳಿಸಿದರೂ ನೋಡುವುದಿಲ್ಲ. ಇನ್ನು ಕೆಲವು "ಐಚ್ಛಿಕ" ಎನ್ನುತ್ತವೆ. ಹೆಚ್ಚು ಪರಿಚಿತವಲ್ಲದ ಕಾಲೇಜಿನಿಂದ ಬಂದ ವಿದ್ಯಾರ್ಥಿಗೆ ಒಳ್ಳೆಯ ಅಂಕ ಉಪಯೋಗಕ್ಕೆ ಬರುವುದು ಇಂಥ ಕಡೆ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳಲ್ಲಿ ಎರಡು ನಿಯಮ ಇರುವುದುಂಟು. ಆದ್ದರಿಂದ ಹತ್ತು ವಿಭಾಗಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ "ಬೇಕು, ಬೇಡ, ಐಚ್ಛಿಕ" ಎಂದು ಬರೆದುಕೊಂಡ ಮೇಲೆಯೇ ಶುಲ್ಕ ಕಟ್ಟುವುದು ಜಾಣತನ.

ಇದಕ್ಕಿಂತ ದೊಡ್ಡ ತೊಡಕು ಪದವಿಯ ವರ್ಷಗಳದ್ದು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಒಟ್ಟು ಹದಿನಾರು ವರ್ಷಗಳ ಓದನ್ನು ಬಯಸುತ್ತವೆ. ಹತ್ತು, ಎರಡು, ಮೂರು ಸೇರಿದರೆ ಹದಿನೈದೇ ಆಗುತ್ತದೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಗೆ ಅವಕಾಶ ಬಂದಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬಿ.ಇ. ಓದಿದವರಿಗೆ ಈ ತೊಂದರೆಯಿಲ್ಲ. ಬಿ.ಎಸ್ಸಿ. ವಿದ್ಯಾರ್ಥಿಗಳು ಮೂರು ವರ್ಷದ ಪದವಿಯನ್ನು ಒಪ್ಪುವ ವಿಭಾಗಗಳನ್ನು ಹುಡುಕಬೇಕು, ಇಲ್ಲವೇ ಇಲ್ಲಿಯೇ ಎಂ.ಎಸ್ಸಿ. ಮುಗಿಸಿ ಪಿಎಚ್‌.ಡಿ.ಗೆ ಅರ್ಜಿ ಹಾಕಬೇಕು. ಎರಡು ವರ್ಷ ತಡವಾಯಿತೆಂದು ಕೊರಗುವವರಿಗೆ ಎರಡನೆಯ ದಾರಿಯೇ ಲಾಭದ್ದು ಎಂಬುದು ಮುಂದೆ ಹಣದ ಲೆಕ್ಕ ಬಂದಾಗ ತಿಳಿಯುತ್ತದೆ.

ಗಣಿತ: ಹಳೆಯ ಪುಸ್ತಕ, ಹೊಸ ಜಾಣತನ

ಜಿಆರ್‌ಇ ಗಣಿತದಲ್ಲಿ ಕಲನಶಾಸ್ತ್ರವಿಲ್ಲ, ತ್ರಿಕೋನಮಿತಿಯಿಲ್ಲ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ ಇಷ್ಟೇ. ಪರದೆಯ ಮೇಲೆ ಕ್ಯಾಲ್ಕುಲೇಟರನ್ನೂ ಕೊಟ್ಟಿರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ವಿದ್ಯಾರ್ಥಿಗೂ ಇದರ ಬಹುಪಾಲು ವಿಷಯ ಗೊತ್ತಿರುತ್ತದೆ. ಹಾಗಿದ್ದೂ ಅಂಕ ಹೋಗುವುದೇಕೆ? ಪರೀಕ್ಷೆ ಅಳೆಯುವುದು ಸೂತ್ರದ ನೆನಪನ್ನಲ್ಲ, ಅವಸರಪಡದ ಬುದ್ಧಿಯನ್ನು.

ಒಂದು ಉದಾಹರಣೆ. ಅಡಿಕೆ ಧಾರಣೆ ಮೊದಲು ನೂರಕ್ಕೆ ಇಪ್ಪತ್ತು ಏರಿತು, ಆಮೇಲೆ ನೂರಕ್ಕೆ ಇಪ್ಪತ್ತು ಇಳಿಯಿತು. ಮೊದಲಿನ ಧಾರಣೆ ದೊಡ್ಡದೋ, ಕೊನೆಯದೋ? ಏರಿದ್ದಷ್ಟೇ ಇಳಿಯಿತಲ್ಲ, ಎರಡೂ ಸಮ ಎಂದು ಅವಸರದವರು ಉತ್ತರಿಸುತ್ತಾರೆ. ನೂರು ರೂಪಾಯಿ ನೂರಿಪ್ಪತ್ತಾಗಿ, ಅದರ ಶೇಕಡ ಇಪ್ಪತ್ತು, ಅಂದರೆ ಇಪ್ಪತ್ತನಾಲ್ಕು ರೂಪಾಯಿ ಇಳಿದು ತೊಂಬತ್ತಾರಕ್ಕೆ ನಿಲ್ಲುತ್ತದೆ. ಮೊದಲಿನದೇ ದೊಡ್ಡದು.

ಇನ್ನೊಂದು. ಒಂದು ಧನ ಸಂಖ್ಯೆ, ಅದರ ವರ್ಗ, ಇವೆರಡರಲ್ಲಿ ಯಾವುದು ದೊಡ್ಡದು? ಎರಡು ಎಂದುಕೊಂಡರೆ ವರ್ಗ ದೊಡ್ಡದು. ಅರ್ಧ ಎಂದುಕೊಂಡರೆ ವರ್ಗ ಕಾಲು ಆಗುತ್ತದೆ; ಸಂಖ್ಯೆಯೇ ದೊಡ್ಡದು. ಒಂದು ಎಂದರೆ ಎರಡೂ ಸಮ. ಸರಿಯುತ್ತರ, "ಕೊಟ್ಟಿರುವ ಮಾಹಿತಿಯಿಂದ ಹೇಳಲಾಗದು." ನಮ್ಮ ಪರೀಕ್ಷೆಗಳಲ್ಲಿ "ಹೇಳಲಾಗದು" ಎಂಬುದು ಉತ್ತರವಾಗಿ ಬರುವುದು ಅಪರೂಪ. ಜಿಆರ್‌ಇಯಲ್ಲಿ ಹೋಲಿಕೆಯ ಪ್ರಶ್ನೆಗಳಲ್ಲೆಲ್ಲ ಅದೂ ಒಂದು ಆಯ್ಕೆ. ಭಿನ್ನರಾಶಿ, ಸೊನ್ನೆ, ಋಣಸಂಖ್ಯೆ ಹಾಕಿ ನೋಡುವ ಅಭ್ಯಾಸ ಮಾಡಿಕೊಂಡವರು ಈ ಬಲೆಗೆ ಬೀಳುವುದಿಲ್ಲ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಗಣಿತ ಪುಸ್ತಕಗಳನ್ನು ಒಂದು ತಿಂಗಳಲ್ಲಿ ಇನ್ನೊಮ್ಮೆ ಓದಿ, ಅಲ್ಲಿಯ ಪದಗಳ ಇಂಗ್ಲಿಷ್ ಹೆಸರುಗಳನ್ನು ಪಕ್ಕದಲ್ಲಿ ಬರೆದುಕೊಂಡರೆ ಕನ್ನಡ ಮಾಧ್ಯಮದವರ ಅಳುಕು ಬಹುಪಾಲು ಕಳೆಯುತ್ತದೆ.

ಭಾಷೆ: ಶೃಂಗೇರಿಯ ಮಕ್ಕಳಿಗೆ ಗೊತ್ತಿರುವ ಉಪಾಯ

ಮಲೆನಾಡಿನ ವಿದ್ಯಾರ್ಥಿಗಳು ನಿಜವಾಗಿ ಹೆದರುವುದು ಇಂಗ್ಲಿಷ್ ಪದಗಳಿಗೆ. ಸಾವಿರಾರು ಪದಗಳ ಪಟ್ಟಿ ಹಿಡಿದು ಕಂಠಪಾಠ ಮಾಡುವುದು ಹಿಂದಿನವರ ಪದ್ಧತಿ. ಬಾಯಿಪಾಠದ ಬಲ ದೊಡ್ಡದು, ಸುಳ್ಳಲ್ಲ. ಆದರೆ ಸಂಸ್ಕೃತ ಕಲಿಯುವವರು ಪದಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯುವುದಿಲ್ಲ. ಧಾತು ಹಿಡಿದು ಪದ ಬಿಡಿಸುತ್ತಾರೆ. ಇಂಗ್ಲಿಷಿನ ಕಠಿಣ ಪದಗಳಲ್ಲಿ ಬಹಳಷ್ಟು ಲ್ಯಾಟಿನ್, ಗ್ರೀಕ್ ಮೂಲದವು, ಮತ್ತು ಆ ಭಾಷೆಗಳು ಸಂಸ್ಕೃತದ ದೂರದ ದಾಯಾದಿಗಳು.

'ಪೆಡೆಸ್ಟ್ರಿಯನ್' ಎಂಬುದರ ಪೆಡ್, ನಮ್ಮ 'ಪಾದ'. 'ನಾವಿಸ್' ಎಂದರೆ ಹೊಸಬ. ಅದರ ನೊವ್, ನಮ್ಮ 'ನವ'. 'ಮಾರಿಬಂಡ್' ಎಂದರೆ ಸಾಯುವ ಸ್ಥಿತಿಯಲ್ಲಿರುವುದು. 'ಮೃತ'ದ ಮೃ ಅಲ್ಲಿದೆ. 'ವೊಸಿಫರಸ್' ಎಂದರೆ ಗಟ್ಟಿ ದನಿಯಲ್ಲಿ ಕೂಗುವ, ಅದರೊಳಗಿರುವುದು 'ವಾಕ್'. 'ಕ್ರೆಡ್ಯುಲಸ್' ಎಂದರೆ ಹೇಳಿದ್ದನ್ನೆಲ್ಲ ನಂಬುವವ. ಅದರ ನೆಂಟ 'ಶ್ರದ್ಧೆ'. 'ಆಗ್ನಾಸ್ಟಿಕ್' ಎಂಬುದರ ಗ್ನೋ, 'ಜ್ಞಾನ'ದ ಜ್ಞಾ. ಮುಂದಿರುವ ಅಕಾರ 'ಅಜ್ಞಾನ'ದಲ್ಲಿ ಇರುವಂಥದೇ. ಹೀಗೆ ನೂರು ಮೂಲಗಳನ್ನು ತಿಳಿದರೆ ಹಲವು ನೂರು ಪದಗಳ ಬೀಗ ತೆರೆಯುತ್ತದೆ. ನೋಟಕ್ಕೆ ಒಂದೇ ಎಂದು ಕಂಡವೆಲ್ಲ ನೆಂಟರಲ್ಲ, ನಿಘಂಟು ಪಕ್ಕದಲ್ಲಿರಲೇಬೇಕು.

ಪದ ಗೊತ್ತಾದರೂ ವಾಕ್ಯದ ನಡೆ ತಿಳಿಯದಿದ್ದರೆ ಪ್ರಯೋಜನವಿಲ್ಲ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಎರಡು ಅಥವಾ ಮೂರು ಖಾಲಿ ಜಾಗಗಳಿದ್ದಾಗ ಎಲ್ಲವೂ ಸರಿಯಾದರೆ ಮಾತ್ರ ಅಂಕ. "ಅವರ ಮಾತು ಬಿರುಸು, ಆದರೂ ಮನಸ್ಸು..." ಎಂದು ನಿಲ್ಲಿಸಿದರೆ "ಮೆತ್ತಗೆ" ಎಂದು ಚಿಕ್ಕ ಮಗುವೂ ತುಂಬುತ್ತದೆ. ದಾರಿ ತೋರಿಸಿದ್ದು "ಆದರೂ" ಎಂಬ ಒಂದು ಪದ. ಆದರೂ, ಆದ್ದರಿಂದ, ಬದಲಿಗೆ, ಅಷ್ಟೇ ಅಲ್ಲದೆ ಎಂಬವುಗಳ ಇಂಗ್ಲಿಷ್ ರೂಪಗಳನ್ನು ಗುರುತಿಸಿ, ಆಯ್ಕೆಗಳನ್ನು ನೋಡುವ ಮೊದಲೇ ಖಾಲಿ ಜಾಗಕ್ಕೆ ತನ್ನದೇ ಕನ್ನಡ ಪದ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಲೇಖಕರು ಏನು ಹೇಳುತ್ತಿದ್ದಾರೆಂದು ಮನೆಯವರಿಗೆ ಕನ್ನಡದಲ್ಲಿ ಎರಡು ವಾಕ್ಯದಲ್ಲಿ ತಿಳಿಸಲು ಬಂದರೆ ಗದ್ಯಭಾಗದ ತಯಾರಿ ಸರಿದಾರಿಯಲ್ಲಿದೆ ಎಂದರ್ಥ.

ಪ್ರಬಂಧಕ್ಕೆ ಬರುವ ವಿಷಯಗಳ ಪೂರ್ಣ ಪಟ್ಟಿಯನ್ನು ಇಟಿಎಸ್ ಮೊದಲೇ ಪ್ರಕಟಿಸಿದೆ. ಒಂದು ಅಭಿಪ್ರಾಯ ಕೊಟ್ಟು, ಅದನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ, ಏಕೆ ಎಂದು ಕೇಳುತ್ತಾರೆ. ಅಲಂಕಾರದ ಭಾಷೆ ಬೇಕಿಲ್ಲ. ಸ್ಪಷ್ಟ ನಿಲುವು, ಎರಡು ಮೂರು ಕಾರಣ, ತಕ್ಕ ಉದಾಹರಣೆ ಬೇಕು. ಎಲೆಚುಕ್ಕೆ ರೋಗದ ಎದುರು ತೋಟ ಉಳಿಸಿಕೊಳ್ಳಲು ಹೆಣಗುವ ಬೆಳೆಗಾರನ ಅನುಭವವೂ ಅಲ್ಲಿ ಒಳ್ಳೆಯ ಉದಾಹರಣೆಯಾದೀತು. ಬರೆಯುವುದು ಮಾತ್ರ ಕೀಲಿಮಣೆಯಲ್ಲಿ, ಕಾಗುಣಿತ ತಿದ್ದುವ ಸೌಲಭ್ಯವೂ ಇಲ್ಲ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಬರೆದು ರೂಢಿಯಾದವರು ಮೂರು ತಿಂಗಳು ಮೊದಲೇ ಟೈಪಿಂಗ್ ಕಲಿಯುವುದು ಕ್ಷೇಮ.

ಮಳೆ, ಕರೆಂಟು, ನೆಟ್‌ವರ್ಕು

2020ರಿಂದ ಮನೆಯಲ್ಲೇ ಕುಳಿತು ಜಿಆರ್‌ಇ ಬರೆಯುವ ಅವಕಾಶ ಬಂದಿದೆ. ಬಸ್ಸಿನ ಖರ್ಚು ಉಳಿಯಿತೆಂದು ಸಂತೋಷಪಡುವ ಮೊದಲು ಆಕಾಶ ನೋಡಬೇಕು. ಪರೀಕ್ಷೆಯುದ್ದಕ್ಕೂ ಇಂಟರ್‌ನೆಟ್ ಕಡಿಯಬಾರದು, ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ದೂರದಲ್ಲಿ ಕುಳಿತ ಮೇಲ್ವಿಚಾರಕರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗುವ, ಗುಡ್ಡ ಹತ್ತಿದರಷ್ಟೇ ನೆಟ್‌ವರ್ಕು ಸಿಗುವ ಊರುಗಳಿಗೆ ಇದು ಹೇಳಿಸಿದ್ದಲ್ಲ. ಹಿಂದಿನ ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಂಗಳೂರಿಗೆ ಹೋಗಿ ನೇರ ಪರೀಕ್ಷಾ ಕೇಂದ್ರಕ್ಕೆ ನುಗ್ಗುವುದೂ ಸರಿಯಲ್ಲ. ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಉಳಿದು, ಕೇಂದ್ರದ ದಾರಿ ನೋಡಿಕೊಂಡು ಬರುವುದು ಒಳ್ಳೆಯದು.

ಇನ್ನೊಂದು ತೊಡಕು ಹೆಸರಿನದು. ನಮ್ಮಲ್ಲಿ ಊರಿನ, ತಂದೆಯ ಹೆಸರುಗಳ ಮೊದಲಕ್ಷರವೇ ಇನಿಶಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇದ್ದರೆ ಪರೀಕ್ಷೆಯ ಬಾಗಿಲಲ್ಲೇ ತಡೆಯಬಹುದು. ನೋಂದಣಿಯ ಹೆಸರು ಗುರುತಿನ ದಾಖಲೆಯಲ್ಲಿ ಇರುವಂತೆಯೇ ಇರಬೇಕು. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೆಲ್ಲ ಉಪನಾಮವಾಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ 'ಹೆಸರು ತಿಳಿಯದು' ಎಂಬ ಅಕ್ಷರಗಳು ಕೂರುತ್ತವೆ. ಪದವಿಯ ಎರಡನೆಯ ವರ್ಷದಲ್ಲೇ ಪಾಸ್‌ಪೋರ್ಟ್ ಮಾಡಿಸಿ, ದಾಖಲೆಗಳ ಹೆಸರನ್ನು ಒಂದೇ ಮಾಡಿಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ.

ಕ್ಯಾಲೆಂಡರನ್ನು ಹಿಂದಿನಿಂದ ಓದಬೇಕು. ಅಮೆರಿಕದ ಮುಖ್ಯ ಪ್ರವೇಶ ಆಗಸ್ಟ್-ಸೆಪ್ಟೆಂಬರಿನಲ್ಲಿ. ಅದಕ್ಕೆ ಅರ್ಜಿಯ ಕೊನೆಯ ದಿನ ಹೆಚ್ಚಾಗಿ ಹಿಂದಿನ ಡಿಸೆಂಬರ್-ಜನವರಿ. ಹಾಗಾದರೆ ಜಿಆರ್‌ಇ ಅಕ್ಟೋಬರಿನೊಳಗೆ ಮುಗಿದಿರಬೇಕು, ಓದು ಏಪ್ರಿಲ್-ಮೇನಲ್ಲಿ ಆರಂಭವಾಗಬೇಕು. ಅಡಿಕೆ ಸುಗ್ಗಿಯೂ ಅರ್ಜಿಯ ಗಡಿಬಿಡಿಯೂ ಒಂದೇ ಸಮಯಕ್ಕೆ ಬರುತ್ತವೆ. ಶಿಫಾರಸು ಪತ್ರ ಬರೆಯುವ ಅಧ್ಯಾಪಕರಿಗೆ ಕನಿಷ್ಠ ಎರಡು ತಿಂಗಳ ಮೊದಲು ಹೇಳಬೇಕು. "ಒಳ್ಳೆಯ ನಡತೆಯ ವಿದ್ಯಾರ್ಥಿ" ಎಂಬ ಒಂದು ಸಾಲಿನ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಆ ವಿದ್ಯಾರ್ಥಿ ಏನು ಮಾಡಿದ, ಯಾವ ಪ್ರಶ್ನೆ ಕೇಳಿದ ಎಂಬುದು ಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತಾಗಬಾರದು.

ತೋಟ ಅಡವಿಡಬಹುದೇ?

ಈಗ ಹಣದ ಮಾತು. ಪಿಎಚ್‌.ಡಿ. ಮತ್ತು ಎಂ.ಎಸ್. ನಡುವಿನ ವ್ಯತ್ಯಾಸ ಪ್ರತಿ ಪೋಷಕರಿಗೂ ಗೊತ್ತಿರಬೇಕು. ವಿಜ್ಞಾನ ವಿಷಯಗಳಲ್ಲಿ ಅಮೆರಿಕದ ಪಿಎಚ್‌.ಡಿ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ. ಪಾಠಕ್ಕೆ ಅಥವಾ ಸಂಶೋಧನೆಗೆ ನೆರವಾದುದಕ್ಕೆ ತಿಂಗಳ ವೇತನವೂ ಸಿಗುತ್ತದೆ. ಎಂ.ಎಸ್. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸ್ವಂತ ಹಣದಲ್ಲೇ ಓದಬೇಕು. ಇಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್‌.ಡಿ.ಗೆ ಹೋಗುವುದು ಲಾಭದ ದಾರಿ ಎಂದದ್ದು ಇದಕ್ಕೇ.

ಸಾಲ ಮಾಡುವುದಾದರೆ ಲೆಕ್ಕ ಹೀಗೆ. 30 ಲಕ್ಷ ಸಾಲ, ಶೇಕಡ 11 ಬಡ್ಡಿ ಎಂದುಕೊಳ್ಳೋಣ. ತಿಂಗಳ ಬಡ್ಡಿಯೇ 27,500 ರೂಪಾಯಿ. ಓದಿನ ಎರಡು ವರ್ಷ, ನಂತರದ ಒಂದು ವರ್ಷ ಕಂತು ಕಟ್ಟದಿದ್ದರೆ ಮೂರು ವರ್ಷಕ್ಕೆ ಸರಳ ಬಡ್ಡಿಯಲ್ಲೇ 9 ಲಕ್ಷ 90 ಸಾವಿರ ಸೇರುತ್ತದೆ. ಸುಮಾರು 40 ಲಕ್ಷವನ್ನು ಹದಿನೈದು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು 45 ಸಾವಿರ ರೂಪಾಯಿಯಾಗುತ್ತದೆ. 

"ತೋಟ ಇದೆಯಲ್ಲ, ಬ್ಯಾಂಕಿಗೆ ತೋರಿಸಿದರಾಯಿತು" ಎಂಬುದು ಅಪ್ಪಂದಿರ ಧೈರ್ಯ. ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ, ನಿಜ. ಆದರೆ ಕೃಷಿಭೂಮಿ 2002ರ ಸರ್ಫೇಸಿ ಕಾಯ್ದೆಯ ಹೊರಗಿರುವುದರಿಂದ ಅದನ್ನು ಶಿಕ್ಷಣ ಸಾಲಕ್ಕೆ ಒಪ್ಪಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಪೇಟೆಯ ಮನೆಯನ್ನೋ ನಿವೇಶನವನ್ನೋ ಕೇಳುತ್ತವೆ. ಆಗ ಕೆಲವರು ತೋಟವನ್ನೇ ಮಾರುವ ಯೋಚನೆಗೆ ಬರುತ್ತಾರೆ. ಹಳದಿ ಎಲೆ ರೋಗ ತಗುಲಿ ಇಳುವರಿ ಕುಸಿದ ಮನೆಗಳಲ್ಲಿ ಆ ಆಸೆ ಇನ್ನೂ ಹೆಚ್ಚು. ಮಾರುವ ಮೊದಲು ಒಂದು ಪ್ರಶ್ನೆ: ಮಗನಿಗೋ ಮಗಳಿಗೋ ಅಮೆರಿಕದಲ್ಲಿ ಕೆಲಸ ಸಿಗದೆ, ಬೆಂಗಳೂರಿನ ಸಂಬಳದಲ್ಲೇ ಸಾಲ ತೀರಿಸಬೇಕಾದರೆ ಸಾಧ್ಯವೇ? 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ, ಕೆಲವು ವಿನಾಯಿತಿಗಳಿದ್ದರೂ, ಎಷ್ಟೋ ಮನೆಗಳ ಲೆಕ್ಕ ಒಂದೇ ದಿನದಲ್ಲಿ ಅಲುಗಾಡಿತು. ದೂರದ ಬೆಟ್ಟ ನುಣ್ಣಗೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಸಾಲವೊಂದೇ ದಾರಿಯಲ್ಲ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ವಿದೇಶದಲ್ಲಿ ಓದುವವರಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಫುಲ್‌ಬ್ರೈಟ್-ನೆಹರು ಫೆಲೋಶಿಪ್ ಪ್ರತಿಭೆಗೆ ಸಿಗುವಂಥದು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ; ಆದರೆ ಜೀವನವೆಚ್ಚದ ಹಣವನ್ನು ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕು.

ಹೋದವರು, ಬಂದವರು

ಹಳ್ಳಿಯಿಂದ ವಿದೇಶಿ ವಿಶ್ವವಿದ್ಯಾಲಯಕ್ಕೆ ಹೋಗುವುದು ಕನ್ನಡಿಗರಿಗೆ ಹೊಸದಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದವರು. ಅವರು 1960ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದು, ಮರಳಿ ಬಂದು ನ್ಯಾಷನಲ್ ಕಾಲೇಜಿನ ಮಕ್ಕಳಿಗೆ ಪಾಠ ಹೇಳಿದರು. ಪಕ್ಕದ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್‌.ಡಿ. ಪಡೆದರು, 'ಸಂಸ್ಕಾರ' ಕಾದಂಬರಿಯನ್ನು ಅಲ್ಲಿ ಕುಳಿತೇ ಕನ್ನಡದಲ್ಲಿ ಬರೆದರು. ಇಬ್ಬರೂ ಊರಿನ ನೆನಪನ್ನೂ ಭಾಷೆಯನ್ನೂ ಬಿಟ್ಟು ಹೋದವರಲ್ಲ.

ಒಳ್ಳೆಯ ಅಂಕ ಬಂದು ಎಲ್ಲಿಯೂ ಸೀಟು ಸಿಗದಿರಬಹುದು. ಸೀಟು ಸಿಕ್ಕಿ ಹಣ ಹೊಂದದಿರಬಹುದು. ಹಾಗಾದರೂ ಆರು ತಿಂಗಳ ಓದು ನಷ್ಟವಾಗುವುದಿಲ್ಲ. ತಪ್ಪಿಲ್ಲದೆ ಲೆಕ್ಕ ಮಾಡುವುದು, ಕಠಿಣ ಗದ್ಯವನ್ನು ಬಿಡಿಸಿ ಓದುವುದು, ಒಂದು ನಿಲುವಿಗೆ ಕಾರಣ ಕೊಟ್ಟು ಬರೆಯುವುದು, ಇವು ಇಲ್ಲಿಯ ಪರೀಕ್ಷೆಗೂ ಇಲ್ಲಿಯ ಕೆಲಸಕ್ಕೂ ಬೇಕಾದವೇ. ಮನೆಯಲ್ಲಿ ಆಗಬೇಕಾದ ಕೆಲಸವೊಂದಿದೆ. ಶುಲ್ಕ ಕಟ್ಟುವ ಮೊದಲು ಒಂದು ಸಂಜೆ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು, ವಿಭಾಗಗಳ ಪಟ್ಟಿಯನ್ನೂ ಖರ್ಚಿನ ಪಟ್ಟಿಯನ್ನೂ ಒಂದೇ ಹಾಳೆಯ ಮೇಲೆ ಬರೆಯಬೇಕು. ಆ ಹಾಳೆಯನ್ನು ನೋಡಿದ ಮೇಲೂ ಹೋಗುವ ಮನಸ್ಸು ಗಟ್ಟಿಯಾಗಿದ್ದರೆ, ಮರುದಿನ ಬೆಳಿಗ್ಗೆಯೇ ಎಂಟನೆಯ ತರಗತಿಯ ಗಣಿತ ಪುಸ್ತಕ ತೆರೆಯಬಹುದು.